ತಣ್ಣಗಾಗುವ ತನಕ

ಮಾತಿಗೆ ಮೊದಲು ಹಿಂಗೈ ಇಟ್ಟೆ
ಎಂಜಿನ್ನಿನ ಪಕ್ಕೆಗೆ,
ಕೂಸಿನ ಹಣೆ ಮುಟ್ಟುವ ಹಾಗೆ.
ಬೆಚ್ಚಗಿತ್ತು.
‘ಬೆಳಿಗ್ಗೆಯಿಂದ ಮುಟ್ಟಿಲ್ಲ’ ಅಂದಿದ್ದ ಮುಗೋಯಾ
ಫೋನಿನಲ್ಲೊಮ್ಮೆ, ಬಾಗಿಲಲ್ಲೊಮ್ಮೆ.
ಜ್ವರ ನನಗೆ ಗೊತ್ತು ಕಣಪ್ಪ,
ಅದೇ ನನ್ನ ಕಸುಬು.
ಆಗಲಿ, ಅಂದೆ, ತಣ್ಣಗಾಗಲಿ. ಕಾಯ್ತೇನೆ.

ಹಲಸಿನ ಮರದಡಿ ಖಾಲಿ ಜೆರಿಕ್ಯಾನು ಬೋರಲು ಹಾಕಿ
ನಾನೊಂದರ ಮೇಲೆ, ಅವನೊಂದರ ಮೇಲೆ.
ನಡುವೆ ಅದು, ನೂರು ಸಿಸಿಯದು,
ಇಬ್ಬರಿಗೂ ಮುಖ ಕೊಡದೆ
ಹ್ಯಾಂಡಲ್ ತಿರುಗಿಸಿಕೊಂಡು ನಿಂತಿದೆ.

ಹನ್ನೊಂದು ವರ್ಷ ಬಾಡಿಗೆ ಬೈಕಿನ ಹಿಂದಿನ ಸೀಟು ನನ್ನದು.
ತೊಡೆಯ ಮೇಲೆ ಲಸಿಕೆಯ ನೀಲಿ ಡಬ್ಬಿ,
ಎಂಬಾಲೆಯಿಂದ ಮೇಲಕ್ಕೆ, ಮಸಾಬಾ ಬೆಟ್ಟಕ್ಕೆ ಅಂಟಿಕೊಂಡ
ಊರೂರಿಗೆ ಹೋದೆ.
ಕಂಡದ್ದು ಬರೀ ಬೆನ್ನು.
ಚುನಾವಣೆಯ ಟೀಶರ್ಟಿನ ಬೆನ್ನು,
ಅದರ ಮೇಲೆ ಸೋತವನ ನಗುಮುಖ;
ಸಾರಾಯಿ ನಾರುವ ಬೆನ್ನು;
ಒಮ್ಮೆ, ದಾರಿಯುದ್ದ ಅಳುತ್ತಿದ್ದ ಒಂದು ಬೆನ್ನು,
ಯಾಕೆಂದು ನಾನು ಕೇಳಲಿಲ್ಲ, ಅವನೂ ತಿರುಗಲಿಲ್ಲ.
ರಸ್ತೆ ಹೇಗಿದೆ ಎಂದು ಯಾರಾದರೂ ಕೇಳಿದರೆ
ಭುಜದ ಎಡಕ್ಕೊಂದು ಚೂರು, ಬಲಕ್ಕೊಂದು ಚೂರು,
ಅಷ್ಟೇ ನನಗೆ ಗೊತ್ತಿರುವ ರಸ್ತೆ.

ದುಡ್ಡು ಅದೇ ಡಬ್ಬಿಯಲ್ಲಿದೆ, ಮಂಜಿನ ಪೊಟ್ಟಣವಿಡುವ ಜಾಗದಲ್ಲಿ.
ಅಲ್ಲಿಗೆ ಕಳ್ಳನೂ ಕೈ ಹಾಕುವುದಿಲ್ಲ,
ಸೂಜಿಯಿದೆ ಅಂತ.
ಹೆಂಗಸರ ಸಂಘದ್ದು, ಎರಡು ಹಂದಿಮರಿ ಮಾರಿದ್ದು,
ಅಣ್ಣ ಗೊಣಗುತ್ತ ಕೊಟ್ಟದ್ದು.

‘ಪಾದ್ರಿ ಇಟ್ಟುಕೊಂಡಿದ್ದ ಬೈಕು’ ಎಂದು ಶುರುಮಾಡಿದ ಮುಗೋಯಾ,
‘ಭಾನುವಾರ ಮಾತ್ರ…’
ಮೀಟರು ಹದಿನಾಲ್ಕು ಸಾವಿರ ಅನ್ನುತ್ತಿದೆ.
ಕಾಲಿಡುವ ರಬ್ಬರು ಸವೆದು
ಒಳಗಿನ ಕಬ್ಬಿಣ ಹಲ್ಲು ಕಿರಿಯುತ್ತಿದೆ.
ನಾನು ರಬ್ಬರನ್ನೇ ನೋಡಿದೆ.
ಅವನು ನಾನು ನೋಡುವುದನ್ನು ನೋಡಿದ.
ಪಾದ್ರಿ ಅಲ್ಲಿಗೇ ಇಳಿದು ನಡೆದುಹೋದರು.

ಕಡಲೆಕಾಯಿ ತಂದಿಟ್ಟಳು ಅವನ ಹೆಂಡತಿ.
ಲೋಹ ಆರುವಾಗ ಟಿಕ್ ಅನ್ನುತ್ತದೆ, ತಡೆದು ಮತ್ತೊಮ್ಮೆ ಟಿಕ್.
ಸಿಪ್ಪೆ ಬಿಡಿಸುತ್ತ ಅವನೂ ಬಿಡಿಸಿಕೊಂಡ:
‘ಮೀಟರಿನ ವೈರು ಕಿತ್ತು ಎರಡು ವರ್ಷವಾಯಿತು.
ಇಳಿಜಾರಿನಲ್ಲಿ ಎರಡನೇ ಗೇರು ಜಾರುತ್ತದೆ, ಹಿಡಿದೇ ಇರಬೇಕು.’
ಮತ್ತೆ ಸುಮ್ಮನಾದ.
ಎರಡು ಕೋಳಿ ಬೈಕಿನ ನೆರಳಿಗೆ ಬಂದು ಕೂತವು.

‘ಮೂರು ವರ್ಷ ವಾರವಾರ ಕಂತು ಕಟ್ಟಿದೆನಮ್ಮ.
ಅವರದ್ದಾಗಿದ್ದಾಗ ಸಿಮೆಂಟಿನ ಲಾರಿಗಳ ನಡುವೆ ನುಗ್ಗಿಸುತ್ತಿದ್ದೆ,
ಇಬ್ಬರನ್ನು, ಒಮ್ಮೊಮ್ಮೆ ಮೂವರನ್ನು ಕೂರಿಸಿಕೊಂಡು.
ಕಳೆದ ತಿಂಗಳು ಕಾಗದ ನನ್ನ ಹೆಸರಿಗೆ ಬಂತು.
ಮರುದಿನವೇ
ಕೈ ನಡುಗತೊಡಗಿತು.’

ಇದಕ್ಕೆ ನನ್ನ ಡಬ್ಬಿಯಲ್ಲಿ ಲಸಿಕೆಯಿಲ್ಲ.
ಇನ್ನೊಂದು ಹಿಡಿ ಕಡಲೆಕಾಯಿ ತೆಗೆದುಕೊಂಡೆ.

ನೆರಳು ಜೆರಿಕ್ಯಾನು ದಾಟಿದಾಗ ಎದ್ದು
ಮತ್ತೆ ಹಿಂಗೈ ಇಟ್ಟೆ. ಈಗ ಬಾವಿಯ ಕಲ್ಲಿನಷ್ಟು ತಂಪು.
ಒದೆ, ಅಂದೆ.
ಒದ್ದ. ಏನಿಲ್ಲ.
ಒದ್ದ. ಮುದುಕಿಯ ಕೆಮ್ಮು.
ಮೂರು, ನಾಲ್ಕು.
ಅವನ ಕತ್ತಿನ ನರ ಉಬ್ಬಿತು, ಕೋಳಿಗಳು ಎದ್ದು ಹೋದವು.
ಐದನೆಯದಕ್ಕೆ
ಬೈಯುತ್ತಲೇ ಎದ್ದಿತು, ನೀಲಿ ಹೊಗೆ ಒಂದಿಷ್ಟು ಉಗುಳಿ
ಆಮೇಲೆ ತನ್ನಷ್ಟಕ್ಕೆ ಡಬಡಬ ಅನ್ನುತ್ತ ನಿಂತಿತು.
‘ಇಷ್ಟೇ ಇದರ ರೋಗ’ ಎಂದ, ಹಗುರಾಗಿ,
‘ಒಮ್ಮೆ ಎದ್ದರೆ ಸಂಜೆತನಕ ಕೈಕೊಡುವುದಿಲ್ಲ.’

ಒದೆತಕ್ಕೆ ಐವತ್ತು ಸಾವಿರ ಶಿಲಿಂಗು ಇಳಿಸು, ಅಂದೆ.
‘ಮೊದಲನೆಯದು ಲೆಕ್ಕಕ್ಕಿಲ್ಲ, ಚೋಕ್ ಎಳೆದಿರಲಿಲ್ಲ.’
ಸರಿ, ನಾಲ್ಕು.
ಇಪ್ಪತ್ತೆಂಟು ಲಕ್ಷ ಇಪ್ಪತ್ತಾರಾಯಿತು.
ತಣ್ಣನೆಯ ನೋಟುಗಳನ್ನು ಎರಡೆರಡು ಸಲ ಎಣಿಸಿದ,
ಬೆರಳು ಊದಿಕೊಳ್ಳುತ್ತ.

ಪೇಟೆತನಕ ಬರುತ್ತೇನೆಂದು ಹಿಂದೆ ಹತ್ತಿದ.
ಮುಂದೆ ಯಾರೂ ಇಲ್ಲ.
ಎಷ್ಟೊಂದು ರಸ್ತೆ!
ಕಲ್ಲು, ಮೇಕೆ, ಬಾಳೆಗೊನೆ ಹೊತ್ತ ಸೈಕಲ್ಲು, ಆಕಾಶ,
ಎಲ್ಲ ಒಟ್ಟಿಗೆ ನನ್ನ ಮೇಲೇ ಬರುತ್ತಿದೆ.
ಇಳಿಜಾರಿನಲ್ಲಿ ಎರಡನೇ ಗೇರು ಹಿಡಿದೇ ಇದ್ದೆ.
ಹಿಂದೆ ಮುಗೋಯಾ ಮಾತಾಡಲಿಲ್ಲ.
ತಿರುವು ಬಂದಾಗಲೆಲ್ಲ
ಅವನ ಬಲಗಾಲು ಮಾತ್ರ
ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.